ಬಾನೆಟ್ ಎತ್ತಿ ನೋಡಿ: ಹಳೇ ಕಾರಿನ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹತ್ತು ವರ್ಷ ದಾಟಿದ ಕಾರುಗಳವು. ಬಹುಪಾಲು ಪತ್ರಗಳಲ್ಲಿ ಒಂದೇ ಅಳಲು: ಅದನ್ನು ಬದಲಾಯಿಸಿದ್ದಾಯಿತು, ಇದನ್ನು ಬದಲಾಯಿಸಿದ್ದಾಯಿತು, ತೊಂದರೆ ಮಾತ್ರ ಇದ್ದ ಹಾಗೇ ಇದೆ. ಅದಕ್ಕೇ ಇಲ್ಲಿ ಯಾವ ಪಾರ್ಟ್ ಹಾಕಬೇಕು ಅನ್ನುವುದಕ್ಕಿಂತ ಏನನ್ನು ಎಲ್ಲಿ ಅಳೆಯಬೇಕು ಅನ್ನುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇವೆ. ಒಂದು ಡಿಜಿಟಲ್ ಮಲ್ಟಿಮೀಟರ್, ಸಾಧಾರಣ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ದೋಷದ ಕೋಡ್ ಓದುವ ಸಾಧನ), ಟಾರ್ಕ್ ರೆಂಚ್, ಗಟ್ಟಿಯಾದ ಎರಡು ಆಕ್ಸಲ್ ಸ್ಟ್ಯಾಂಡ್ ಇದ್ದರೆ ಕೆಳಗಿನ ಬಹುತೇಕ ಕೆಲಸ ಮನೆಯಲ್ಲೇ ಆಗುತ್ತದೆ. ಜಾಕ್ ಒಂದರ ಮೇಲೆ ನಿಂತ ಕಾರಿನ ಅಡಿಗೆ ಮಾತ್ರ ಯಾವ ಕಾರಣಕ್ಕೂ ತೂರಬೇಡಿ.

ಪ್ರಶ್ನೆ: ಹದಿಮೂರು ವರ್ಷದ ಪೆಟ್ರೋಲ್ ಕಾರು. ಎರಡು ದಿನ ನಿಲ್ಲಿಸಿದರೆ ಮೂರನೇ ದಿನ ಬ್ಯಾಟರಿ ಡೌನ್. ಬ್ಯಾಟರಿ ಬದಲಾಯಿಸಿ ನಾಲ್ಕು ತಿಂಗಳೂ ಆಗಿಲ್ಲ. ದಿನಾ ಓಡಿಸಿದರೆ ಏನೂ ತೊಂದರೆ ಇಲ್ಲ. ಡೈನಮೋ ಹೋಗಿದೆಯೇ?

ಉತ್ತರ: ದಿನಾ ಓಡಿಸಿದಾಗ ತೊಂದರೆ ಇಲ್ಲ ಎಂದಮೇಲೆ ಚಾರ್ಜಿಂಗ್ ಬಹುಶಃ ಸರಿಯಿದೆ. ಆದರೂ ಎರಡು ನಿಮಿಷದ ಕೆಲಸ, ನೋಡಿಬಿಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಅಂದರೆ ಅರ್ಧ ಚಾರ್ಜ್. 12ಕ್ಕಿಂತ ಕೆಳಗೆ ಹೋಗಿದ್ದರೆ ಬಹುಪಾಲು ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗಿರಬೇಕು. ಹೆಡ್‌ಲೈಟು, ಬ್ಲೋವರು ಎಲ್ಲ ಹಾಕಿ ಎಂಜಿನ್ನನ್ನು 2000 ಆರ್‌ಪಿಎಂನಲ್ಲಿ ಹಿಡಿದಾಗಲೂ 13.5ಕ್ಕಿಂತ ಇಳಿಯಬಾರದು.

ಇವೆರಡೂ ಸರಿಯಿದ್ದರೆ, ನಿಂತ ಕಾರಿನಲ್ಲಿ ಯಾವುದೋ ಒಂದು ಕರೆಂಟ್ ಕುಡಿಯುತ್ತಿದೆ. ಗಡಿಯಾರ, ಅಲಾರಂ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನೆನಪು, ಇಷ್ಟಕ್ಕೆ 50 ಮಿಲಿ ಆಂಪಿಯರ್ ಒಳಗೆ ಸಾಕು. ಆ ಲೆಕ್ಕದಲ್ಲಿ ದಿನಕ್ಕೆ ಖರ್ಚು 1.2 ಆಂಪಿಯರ್ ಅವರ್. 45 ಆಂಪಿಯರ್ ಅವರ್ ಬ್ಯಾಟರಿ ಅರ್ಧಕ್ಕಿಳಿಯಲು ಎರಡೂವರೆ ವಾರಕ್ಕೂ ಹೆಚ್ಚು ಬೇಕು. ನಿಮ್ಮದು ಎರಡೇ ದಿನದಲ್ಲಿ ಇಳಿಯುತ್ತಿದೆ ಅಂದರೆ ಸೋರಿಕೆ ಅರ್ಧ ಆಂಪಿಯರ್ ಹತ್ತಿರ ಇರಬೇಕು. ಅಷ್ಟು ದೊಡ್ಡ ಸೋರಿಕೆ ಅಡಗಿ ಕೂರುವುದಿಲ್ಲ, ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಹುಡುಕುವುದು ಹೀಗೆ. ಕೀ ತೆಗೆದು ದೂರ ಇಡಿ. ಬಾನೆಟ್ ತೆರೆದೇ ಇರಲಿ. ಫ್ಯೂಸ್ ಬಾಕ್ಸ್ ಇರುವ ಕಡೆಯ ಬಾಗಿಲು ತೆರೆದು, ಅದರ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಮುಚ್ಚಿಬಿಡಿ. ಬಾಗಿಲು ಹಾಕಿದೆ ಅಂತ ಕಾರು ನಂಬುತ್ತದೆ. (ಕೆಲಸ ಮುಗಿದ ಮೇಲೆ ಹಿಡಿ ಎಳೆದು ಕೊಕ್ಕೆ ಬಿಡಿಸುವುದನ್ನು ಮರೆತು ಬಾಗಿಲು ದಬ್ಬಿದರೆ ಲಾಕು ಮುರಿಯುತ್ತದೆ.) ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಹಾಕಿ. ಬ್ಯಾಟರಿಯ ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಆ ಕ್ಲ್ಯಾಂಪಿಗೂ ನೆಗೆಟಿವ್ ಕಂಬಕ್ಕೂ ನಡುವೆ ಮೀಟರ್ ಸೇರಿಸಿ. ಮೊದಲು ಒಂದೆರಡು ಆಂಪಿಯರ್ ತೋರಿಸಿದರೆ ಗಾಬರಿ ಬೇಡ, ಕಾರಿನ ಎಲ್ಲ ಮಾಡ್ಯೂಲುಗಳೂ (ಸಣ್ಣ ಕಂಪ್ಯೂಟರ್ ಘಟಕಗಳು) ಎಚ್ಚರವಾಗಿರುತ್ತವೆ. ಅರ್ಧ ಗಂಟೆ ಬಿಟ್ಟು ನೋಡಿ. ಮೀಟರ್ ಹೀಗೆ ಜೋಡಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸು ಹಾರಿಹೋಗುತ್ತದೆ.

ಅರ್ಧ ಗಂಟೆಯ ನಂತರವೂ 0.3, 0.5 ಅಂತ ನಿಂತಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಬಹುದು. ಅದಕ್ಕಿಂತ ಜಾಣ ದಾರಿ ಇನ್ನೊಂದಿದೆ: ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವಲ್ಲ, ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ ಆ ಎರಡಕ್ಕೂ ಮುಟ್ಟಿಸಿ. ಸೊನ್ನೆ ಇದ್ದರೆ ಅದರಲ್ಲಿ ಕರೆಂಟ್ ಹರಿಯುತ್ತಿಲ್ಲ; ಬೇರೆ ಏನೇ ತೋರಿಸಿದರೂ ಹರಿಯುತ್ತಿದೆ. ಫ್ಯೂಸ್ ಕೀಳದೆ ಇರುವುದರಿಂದ ಮಲಗಿದ ಮಾಡ್ಯೂಲುಗಳು ಮತ್ತೆ ಏಳುವುದಿಲ್ಲ. ಹೀಗೆ ನೋಡಲು ನೆಗೆಟಿವ್ ಕ್ಲ್ಯಾಂಪ್ ತನ್ನ ಜಾಗದಲ್ಲೇ ಇರಲಿ.

ಸಾಮಾನ್ಯವಾಗಿ ಸಿಗುವ ಕಳ್ಳರು: ಆರದೆ ಉಳಿದ ಡಿಕ್ಕಿಯ ದೀಪ ಅಥವಾ ಗ್ಲೋವ್ ಬಾಕ್ಸ್ ದೀಪ, ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ಮಿನ ಆಂಪ್ಲಿಫೈಯರ್, ಅಂಟಿಕೊಂಡ ರಿಲೇ. ಕಂಪನಿಯಿಂದ ಬಂದ ವೈರಿಂಗಿಗಿಂತ ನಂತರ ಸೇರಿಸಿದ್ದರ ಮೇಲೇ ಮೊದಲು ಅನುಮಾನ ಪಡಿ. ಎಲ್ಲ ಫ್ಯೂಸ್ ಕಿತ್ತರೂ ಸೋರಿಕೆ ನಿಲ್ಲದಿದ್ದರೆ, ನೆಗೆಟಿವ್ ತೆಗೆದಿಟ್ಟು ಡೈನಮೋದ ದಪ್ಪ ತಂತಿ ಬಿಚ್ಚಿ, ಅದರ ತುದಿಗೆ ಬಟ್ಟೆ ಸುತ್ತಿ ಮತ್ತೆ ಅಳೆಯಿರಿ. ಈಗ ಸೋರಿಕೆ ನಿಂತರೆ ಡೈನಮೋ ಒಳಗಿನ ಡಯೋಡ್ ಹೋಗಿದೆ. ಹಗಲು ಚಾರ್ಜ್ ಮಾಡುತ್ತಲೇ ರಾತ್ರಿ ಬ್ಯಾಟರಿ ಹೀರುವ ಡೈನಮೋಗಳು ಇವೇ.

ಪ್ರಶ್ನೆ: ಕೀ ತಿರುಗಿಸಿದರೆ ಒಂದೇ ಒಂದು ಸಲ "ಟಕ್" ಅನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ನಾಲ್ಕೈದು ಸಲ ಪ್ರಯತ್ನಿಸಿದರೆ ಒಮ್ಮೆ ಹತ್ತುತ್ತದೆ. ಸೆಲ್ಫ್ ಮೋಟಾರ್ ಬದಲಾಯಿಸಬೇಕು ಎನ್ನುತ್ತಾರೆ.

ಉತ್ತರ: "ಟಕಟಕಟಕ" ಅಂತ ಬಿಡದೆ ಬಡಿದುಕೊಂಡರೆ ಬ್ಯಾಟರಿ ಸೊರಗಿದೆ ಎಂದರ್ಥ. ಒಂದೇ "ಟಕ್" ಅಂದರೆ ಸಾಲಿನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಹರಿಸುವ ವಿದ್ಯುತ್ಕಾಂತದ ಸ್ವಿಚ್) ಎಳೆದುಕೊಂಡಿದೆ, ಮೋಟಾರಿಗೆ ಬೇಕಾದಷ್ಟು ಕರೆಂಟ್ ಸಿಕ್ಕಿಲ್ಲ. ಕರೆಂಟ್ ಹೋಗುವ ದಾರಿಯಷ್ಟೇ ಅದು ವಾಪಸು ಬರುವ ದಾರಿಯೂ ಮುಖ್ಯ, ಅದನ್ನು ಯಾರೂ ನೋಡುವುದಿಲ್ಲ.

ಒಂದು ಜಂಪರ್ ಕೇಬಲ್ ತೆಗೆದುಕೊಂಡು ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ. ಈಗ ಸೆಲ್ಫ್ ಚಂದವಾಗಿ ಹೊಡೆದರೆ ಎಂಜಿನ್ನಿನ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಅಷ್ಟೆ. ಮೀಟರಿನಲ್ಲಿ ನೋಡುವುದಾದರೆ, ಒಬ್ಬರು ಕೀ ತಿರುಗಿಸಿ ಹಿಡಿದಿರುವಾಗ ನೆಗೆಟಿವ್ ಕಂಬಕ್ಕೂ ಎಂಜಿನ್ ಲೋಹಕ್ಕೂ ನಡುವೆ 0.3 ವೋಲ್ಟಿಗಿಂತ ಹೆಚ್ಚಿರಬಾರದು, ಪಾಸಿಟಿವ್ ಕಂಬಕ್ಕೂ ಸೆಲ್ಫಿಗೆ ಬರುವ ದಪ್ಪ ತಂತಿಯ ಬೋಲ್ಟಿಗೂ ನಡುವೆ 0.5. ಬ್ಯಾಟರಿಯ ಎರಡು ಕಂಬಗಳ ನಡುವೆ ಆ ಹೊತ್ತಿಗೆ 9.6ಕ್ಕಿಂತ ಕೆಳಗಿಳಿದರೆ ತಪ್ಪು ಬ್ಯಾಟರಿಯದ್ದು. ಕಂಬಕ್ಕೇ ಮೀಟರ್ ಮುಟ್ಟಿಸಬೇಕು, ಕ್ಲ್ಯಾಂಪಿಗಲ್ಲ. ಎಷ್ಟೋ ಸಲ ತೊಂದರೆ ಇರುವುದು ಅವೆರಡರ ನಡುವಿನ ಬೂದು ಪದರದಲ್ಲೇ.

ಇದೆಲ್ಲ ಸರಿಯಿದ್ದೂ "ಟಕ್" ನಿಲ್ಲದಿದ್ದರೆ ಆಗ ಸೆಲ್ಫ್ ಬಿಚ್ಚಿಸಿ. ಸಾಲಿನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರುತ್ತದೆ ಅಥವಾ ಕಾರ್ಬನ್ ಬ್ರಷ್ ಸವೆದಿರುತ್ತದೆ. ಮೋಟಾರಿನ ಮೈಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದಾಗ ಹತ್ತಿಕೊಂಡರೆ ಬ್ರಷ್ ಎಂದೇ ತಿಳಿಯಿರಿ. ಎರಡನ್ನೂ ಬಿಡಿಯಾಗಿ ಹಾಕಬಹುದು, ಇಡೀ ಮೋಟಾರ್ ಬೇಕಿಲ್ಲ.

ಪ್ರಶ್ನೆ: ಹೆದ್ದಾರಿಯಲ್ಲಿ ಟೆಂಪರೇಚರ್ ಮುಳ್ಳು ಅಲುಗುವುದಿಲ್ಲ. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಕೆಂಪಿಗೆ ಏರುತ್ತದೆ. ತಿಂಗಳಿಗೆ ಅರ್ಧ ಲೀಟರಿನಷ್ಟು ಕೂಲೆಂಟ್ ಕೂಡ ಕಡಿಮೆಯಾಗುತ್ತಿದೆ. ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಸರಿಹೋಗುತ್ತದಂತೆ, ನಿಜವೇ?

ಉತ್ತರ: ತೆಗೆಯಬೇಡಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಹೆದ್ದಾರಿಯಲ್ಲಿ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ತಣ್ಣಗಿರುವ ಎಂಜಿನ್ನಿಗೆ ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಆಯಿಲ್ ಕೆಸರುಗಟ್ಟುತ್ತದೆ. ಇನ್ನೊಂದು ವಿಷಯ: ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಲ್ಲಿ ಅದನ್ನು ತೆಗೆದರೆ ಅರ್ಧ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತಿ, ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ. ಹಾಗಾಗಿ ಫ್ಯಾನಿನಿಂದ ಶುರು ಮಾಡಿ. ಇದೇ ಉಲ್ಟಾ ಇದ್ದಿದ್ದರೆ, ಅಂದರೆ ಟ್ರಾಫಿಕ್ಕಿನಲ್ಲಿ ಸರಿಯಿದ್ದು ವೇಗದಲ್ಲಿ ಬಿಸಿಯಾಗುತ್ತಿದ್ದರೆ, ರೇಡಿಯೇಟರ್ ಒಳಗೆ ಕಟ್ಟಿರುವುದು, ವಾಟರ್ ಪಂಪಿನ ರೆಕ್ಕೆ ಸವೆದಿರುವುದು ಅಥವಾ ಕೆಳಗಿನ ಹೋಸ್ ಮೆತ್ತಗಾಗಿ ಚಪ್ಪಟೆಯಾಗುವುದನ್ನು ನೋಡುತ್ತಿದ್ದೆವು.

ಎಂಜಿನ್ ಓಡುತ್ತಿರುವಾಗ ಎ.ಸಿ. ಹಾಕಿ. ಬಹುತೇಕ ಕಾರುಗಳಲ್ಲಿ ಫ್ಯಾನ್ ಆಗಲೇ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ಅದೇ ಅಳತೆಯ ಬೇರೊಂದು ರಿಲೇ ತಂದು ಹಾಕಿ ನೋಡಿ. ಕೊನೆಗೆ ಫ್ಯಾನಿನ ಪ್ಲಗ್ ಬಿಚ್ಚಿ, ಫ್ಯೂಸ್ ಇರುವ ತಂತಿಯಲ್ಲಿ ಬ್ಯಾಟರಿಯಿಂದ ನೇರ ಕರೆಂಟ್ ಕೊಡಿ. ಆಗಲೂ ತಿರುಗದಿದ್ದರೆ ಮೋಟಾರ್ ಹೋಗಿದೆ. ಎ.ಸಿ.ಗೆ ತಿರುಗುತ್ತದೆ, ಬಿಸಿಗೆ ತಿರುಗುವುದಿಲ್ಲ ಅಂತಾದರೆ ತೊಂದರೆ ಸೆನ್ಸರಿನಲ್ಲಿ. ರೇಡಿಯೇಟರಿನ ಮೈಮೇಲೇ ಎರಡು ತಂತಿಯ ಥರ್ಮೋ ಸ್ವಿಚ್ ಇರುವ ಹಳೇ ಕಾರಾದರೆ ಆ ಪ್ಲಗ್ಗಿನ ಎರಡು ತುದಿಯನ್ನು ಒಂದು ತಂತಿಯಿಂದ ಸೇರಿಸಿ. ಫ್ಯಾನ್ ಓಡಿದರೆ ಸ್ವಿಚ್ ಬದಲಾಯಿಸಿ. ಫ್ಯಾನ್ ಎರಡು ವೇಗದ್ದಾಗಿದ್ದು, ಕಡಿಮೆ ವೇಗ ಮಾತ್ರ ಇಲ್ಲದಿದ್ದರೆ ರೆಸಿಸ್ಟರ್ ಸುಟ್ಟಿದೆ. ಫ್ಯಾನ್ ಸರಿಯಿದ್ದೂ ಬಿಸಿಯಾದರೆ ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಗೆ ಟಾರ್ಚ್ ಬಿಡಿ. ವರ್ಷಗಳ ಧೂಳು, ಹುಳು, ಎಲೆ ಸೇರಿ ಅಲ್ಲಿ ಕಂಬಳಿ ಹೊದಿಸಿದಂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ಪೈಪಿನ ನೀರು ಬಿಡಿ. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳೆಲ್ಲ ಮಡಚಿಕೊಳ್ಳುತ್ತವೆ.

ಇನ್ನು ಕೂಲೆಂಟ್ ಕಡಿಮೆಯಾಗುವುದು. ಮೊದಲ ಸಂಶಯ ಮುಚ್ಚಳದ ಮೇಲೆ. ಅದರ ಮೇಲೆ 0.9 ಅಥವಾ 1.1 ಬಾರ್ ಅಂತ ಅಚ್ಚು ಹಾಕಿರುತ್ತದೆ. 0.9 ಬಾರ್ ಒತ್ತಡದಲ್ಲಿ ಬರೀ ನೀರೂ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುವವರೆಗೆ ಕುದಿಯುವುದಿಲ್ಲ. ಮುಚ್ಚಳದ ಸ್ಪ್ರಿಂಗ್ ಸೋತರೆ, ರಬ್ಬರ್ ಸೀಳಿದರೆ ಒತ್ತಡ ನಿಲ್ಲದೆ 100ರ ಸುಮಾರಿಗೇ ಕುದಿದು ಉಕ್ಕುತ್ತದೆ. ತೀರ ಸಣ್ಣ ಬೆಲೆಯ ವಸ್ತು, ಅದೇ ಅಂಕಿಯದ್ದು ಹೊಸದು ಹಾಕಿ. ಎಂಜಿನ್ ಬಿಸಿ ಇರುವಾಗ ಹಳೇದನ್ನು ತೆರೆಯಲು ಹೋಗಬೇಡಿ, ಒಳಗಿನ ನೀರು ಮುಖಕ್ಕೆ ಹಾರುತ್ತದೆ.

ಆಮೇಲೆ ಹೋಸುಗಳ ತುದಿ, ವಾಟರ್ ಪಂಪಿನ ಅಡಿಯ ಸಣ್ಣ ತೂತು, ಪ್ಲಾಸ್ಟಿಕ್ ಟ್ಯಾಂಕಿನ ಅಂಚು ನೋಡಿ. ಒಣಗಿದ ಕೂಲೆಂಟ್ ಬಿಳಿ ಅಥವಾ ಬಣ್ಣದ ಪುಡಿಯಂತೆ ಕಾಣಿಸುತ್ತದೆ. ಹೊರಗೆಲ್ಲೂ ಗುರುತಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಪರೀಕ್ಷೆ ಮಾಡಿಸಿ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ನಳಿಕೆ ಇಟ್ಟು ಅಲ್ಲಿನ ಗಾಳಿಯನ್ನು ಎಳೆಯುತ್ತಾರೆ; ದಹನದ ಹೊಗೆ ಬೆರೆತಿದ್ದರೆ ಪೆಟ್ರೋಲ್ ಎಂಜಿನ್ನಿನಲ್ಲಿ ನೀಲಿ ಹಳದಿಗೆ ತಿರುಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಕಂಡ ಮಾತ್ರಕ್ಕೆ ಗ್ಯಾಸ್ಕೆಟ್ ಹೋಯಿತೆಂದು ಹೆಡ್ ಇಳಿಸಬೇಡಿ. ದಿನಾ ಎರಡು ಮೂರು ಕಿಲೋಮೀಟರಷ್ಟೇ ಓಡುವ ಕಾರಿನಲ್ಲಿ ಒಳಗಿನ ತೇವ ಆವಿಯಾಗದೆ ಅದೇ ಕೆನೆ ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೂ ಹಾಲು ಬೆರೆಸಿದಂತಿದ್ದರೆ ಮಾತು ಬೇರೆ.

ಥರ್ಮೋಸ್ಟಾಟನ್ನು ಹೇಗೂ ಬಿಚ್ಚಿದರೆ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ. ಅದರ ಮೇಲೆ ಕೆತ್ತಿದ ಅಂಕಿ (ಸಾಮಾನ್ಯವಾಗಿ 82 ಅಥವಾ 88) ತಲುಪಿದಾಗ ತೆರೆಯಲು ಶುರುವಾಗಬೇಕು, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ಬಾಯಿಬಿಟ್ಟಿರಬೇಕು. ವಾಪಸು ತುಂಬುವಾಗ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ, ಹೀಟರ್ ಪೂರ್ತಿ ಬಿಸಿಗೆ, ಕಾರಿನ ಮೂತಿ ಸ್ವಲ್ಪ ಮೇಲಕ್ಕೆ. ಗಾಳಿ ಗುಳ್ಳೆ ಪೂರ್ತಿ ಹೋಗುವವರೆಗೆ ಮುಚ್ಚಳ ಹಾಕಬೇಡಿ. ಎಂಜಿನ್ ಕಾದಿದ್ದರೂ ಮೇಲಿನ ಹೋಸ್ ತಣ್ಣಗಿದ್ದರೆ ಒಳಗೆ ಇನ್ನೂ ಗಾಳಿ ಇದೆ, ಇಲ್ಲವೇ ಥರ್ಮೋಸ್ಟಾಟ್ ತೆರೆದಿಲ್ಲ.

ಪ್ರಶ್ನೆ: ಐಡ್ಲಿಂಗ್‌ನಲ್ಲಿ ಆರ್‌ಪಿಎಂ 600ರಿಂದ 1100ಕ್ಕೆ ಏರಿಳಿಯುತ್ತದೆ. ಚೆಕ್ ಎಂಜಿನ್ ದೀಪ ಬಂದಿದೆ, ಸ್ಕ್ಯಾನರ್ ಪಿ 0171 ಎನ್ನುತ್ತದೆ. ಆಕ್ಸಿಜನ್ ಸೆನ್ಸರ್ ಬದಲಾಯಿಸಿಯೂ ಅದೇ ಕೋಡ್ ಮರಳಿ ಬಂತು.

ಉತ್ತರ: ಪಿ 0171 ಹೇಳುವುದು "ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು" ಅಂತ ಮಾತ್ರ. ಅದನ್ನು ನಿಮಗೆ ತಿಳಿಸಿದ್ದೇ ಆಕ್ಸಿಜನ್ ಸೆನ್ಸರ್. ಸುದ್ದಿ ತಂದವನನ್ನೇ ಹೊರಗೆ ಹಾಕಿದಂತಾಯಿತು.

ಸ್ಕ್ಯಾನರಿನಲ್ಲಿ ಕೋಡ್ ಬಿಟ್ಟು ಲೈವ್ ಡೇಟಾಗೆ ಹೋಗಿ, ಲಾಂಗ್ ಟರ್ಮ್ ಮತ್ತು ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಎರಡನ್ನೂ ಕೂಡಿ ನೋಡಿ. ಐಡ್ಲಿಂಗ್‌ನಲ್ಲಿ ಕೂಡಿದ ಮೊತ್ತ ಶೇ. 20ರಷ್ಟಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಶೇ. 4-5ಕ್ಕೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದರಲ್ಲಿ ಸಣ್ಣ ಬಿರುಕಿನ ಪಾಲು ದೊಡ್ಡದು. ವೇಗ ಏರಿದಂತೆ ಆ ಪಾಲು ಲೆಕ್ಕಕ್ಕಿಲ್ಲದಂತಾಗುತ್ತದೆ. ಇದಕ್ಕೆ ತಿರುಗುಮುರುಗಾಗಿ, ಎಂಜಿನ್ ಮೇಲೆ ಭಾರ ಬಿದ್ದಷ್ಟೂ ಟ್ರಿಮ್ ಏರಿದರೆ ಫ್ಯುಯೆಲ್ ಪಂಪು, ಫಿಲ್ಟರು ಅಥವಾ ಕೊಳೆಯಾದ ಏರ್ ಫ್ಲೋ ಸೆನ್ಸರ್ ಕಡೆ ಗಮನ ಕೊಡಿ.

ಗಾಳಿ ಸೋರುವ ಜಾಗಗಳು: ಪಿಸಿವಿ ಪೈಪ್ (ಎಂಜಿನ್ನಿನೊಳಗಿನ ಆಯಿಲ್ ಆವಿಯನ್ನು ಇಂಟೇಕಿಗೆ ಮರಳಿಸುವುದು), ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಹೋಸ್, ಏರ್ ಫಿಲ್ಟರ್‌ನಿಂದ ಥ್ರಾಟಲಿಗೆ ಬರುವ ಮಡಿಕೆ ಪೈಪಿನ ಅಡಿಭಾಗ, ಇಂಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್. ಪಿಸಿವಿ ಪೈಪನ್ನು ಬಿಚ್ಚಿ ಬಗ್ಗಿಸಿ ನೋಡಿ. ಆಯಿಲಿನ ಆವಿಗೆ ಬೆಂದ ರಬ್ಬರ್ ಮೇಲೆ ಚೆನ್ನಾಗಿ ಕಂಡರೂ ಮೊಣಕೈಯಂತೆ ತಿರುಗುವ ಕಡೆ, ಒಳಮೈಯಲ್ಲಿ ಸೀಳಿರುತ್ತದೆ. ಹೋಸುಗಳನ್ನು ಒಂದೊಂದಾಗಿ ಇಕ್ಕಳದಿಂದ, ನಡುವೆ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಐಡ್ಲಿಂಗ್ ಸ್ಥಿರವಾಗುತ್ತದೋ ಸೋರಿಕೆ ಅದರ ಆಚೆ ಬದಿಯಲ್ಲಿದೆ. ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವ ಹಳೇ ಪದ್ಧತಿ ಇದೆ. ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಹೊತ್ತಿಕೊಳ್ಳುವ ವಸ್ತು ಅದು, ನಾವು ಸಲಹೆ ಮಾಡುವುದಿಲ್ಲ. ಸ್ಮೋಕ್ ಟೆಸ್ಟ್ ಯಂತ್ರವಿರುವ ಗ್ಯಾರೇಜಿನಲ್ಲಿ ಮಾಡಿಸಿದರೆ ಬಿರುಕಿನಿಂದ ಹೊಗೆ ಕಣ್ಣಿಗೇ ಕಾಣುತ್ತದೆ.

ಒಂದು ಎಚ್ಚರಿಕೆ. ಇದು ಏರ್ ಫ್ಲೋ ಸೆನ್ಸರ್ ಇರುವ ಕಾರಿನ ಮಾತು. ಮ್ಯಾಪ್ ಸೆನ್ಸರ್ (ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ಮೇಲೆ ನಡೆಯುವ ಕಾರಿನಲ್ಲಿ ಸೋರಿ ಬಂದ ಗಾಳಿಯೂ ಒತ್ತಡದ ಲೆಕ್ಕಕ್ಕೆ ಸೇರುವುದರಿಂದ ಟ್ರಿಮ್ ಅಷ್ಟಾಗಿ ಏರದು, ಐಡ್ಲಿಂಗ್ ಮಾತ್ರ ಏರಿ ನಿಲ್ಲುತ್ತದೆ.

ಪ್ರಶ್ನೆ: ಒಂದು ಸಿಲಿಂಡರ್ ಮಿಸ್ಸಿಂಗ್. ಕೋಡ್ ಪಿ 0302. ನಾಲ್ಕೂ ಕಾಯಿಲ್ ಬದಲಾಯಿಸಬೇಕೆ?

ಉತ್ತರ: ಬೇಡ. ಕೊನೆಯ ಅಂಕಿ ಸಿಲಿಂಡರಿನದು. ಪ್ಲಗ್ಗಿನ ಮೇಲೇ ಕೂರುವ ಬಿಡಿ ಕಾಯಿಲುಗಳಾದರೆ 2ನೆಯದರ ಕಾಯಿಲನ್ನು 3ಕ್ಕೆ ಹಾಕಿ, 3ರದ್ದನ್ನು 2ಕ್ಕೆ. ಕೋಡ್ ಅಳಿಸಿ ಓಡಿಸಿ. ಪಿ 0303 ಬಂದರೆ ಆ ಕಾಯಿಲ್ ಒಂದನ್ನೇ ಬದಲಾಯಿಸಿ. ಪಿ 0302 ಆಗಿಯೇ ಉಳಿದರೆ ಪ್ಲಗ್ಗುಗಳನ್ನು ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್. ತಣ್ಣಗಿರುವ ಎಂಜಿನ್ನಿನಲ್ಲೇ ಪ್ಲಗ್ ಬಿಚ್ಚಿ, ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸಿ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಓಡಾಟ ನಿಲ್ಲಿಸಿ. ಸುಡದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಕರಗಿಸುತ್ತದೆ. ಒಂದು ಕಾಯಿಲಿನ ತೊಂದರೆ ಆಗ ನಿಜಕ್ಕೂ ದುಬಾರಿಯಾಗುತ್ತದೆ.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬುಸ್ ಎಂದು ಬಂದು ನಿಲ್ಲುತ್ತದೆ. 1,40,000 ಕಿ.ಮೀ. ಓಡಿದೆ. ಎಂಜಿನ್ ಬೋರ್ ಮಾಡಿಸಬೇಕು ಎನ್ನುತ್ತಿದ್ದಾರೆ.

ಉತ್ತರ: ಅವಸರ ಬೇಡ. ನೀಲಿ ಹೊಗೆ ಯಾವಾಗ ಬರುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ರಾತ್ರಿ ನಿಂತು ಬೆಳಿಗ್ಗೆ ಒಮ್ಮೆ ಬಂದರೆ, ಅಥವಾ ಉದ್ದದ ಇಳಿಜಾರಿನಲ್ಲಿ ಕಾಲು ತೆಗೆದು ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬಂದರೆ, ವಾಲ್ವ್ ಸ್ಟೆಮ್ ಸೀಲ್ ಗಟ್ಟಿಯಾಗಿದೆ. ಮೇಲಿನ ಆಯಿಲ್ ವಾಲ್ವಿನ ಕಾಂಡದ ಗುಂಟ ಇಳಿದು ಬರುತ್ತಿದೆ. ಏರು ಹತ್ತುವಾಗ, ಎಳೆಯುವಾಗಲೆಲ್ಲ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್.

ಅದಕ್ಕೂ ಮೊದಲು ಪಿಸಿವಿ ವಾಲ್ವ್ ಕಿತ್ತು ಅಲ್ಲಾಡಿಸಿ. ಒಳಗೆ ಕಟಕಟ ಸದ್ದು ಬರಬೇಕು. ಬರದಿದ್ದರೆ ಅಂಟಿಕೊಂಡಿದೆ. ತೆರೆದೇ ಅಂಟಿದರೆ ಆಯಿಲನ್ನು ಎಂಜಿನ್ನಿನ ಬಾಯಿಗೆ ಎಳೆಯುತ್ತದೆ; ಮುಚ್ಚಿ ಅಂಟಿದರೆ ಒಳಗೆ ಒತ್ತಡ ಏರಿ ಸಿಕ್ಕ ಸಿಕ್ಕ ಸೀಲಿನಿಂದ ಆಯಿಲ್ ಹೊರಬರುತ್ತದೆ.

ಆಮೇಲೆ ಕಂಪ್ರೆಶನ್ ಟೆಸ್ಟ್. ಎಂಜಿನ್ ಕಾಯಿಸಿ, ಫ್ಯುಯೆಲ್ ಪಂಪ್ ಫ್ಯೂಸ್ ತೆಗೆದು, ಕಾಯಿಲುಗಳ ಪ್ಲಗ್ ಬಿಚ್ಚಿ, ಎಲ್ಲ ಸ್ಪಾರ್ಕ್ ಪ್ಲಗ್ ಹೊರಗೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯುತ್ತ ಗೇಜಿನ ಮುಳ್ಳು ಐದಾರು ಏಟು ಏರುವುದನ್ನು ನೋಡಿ. ಒಳ್ಳೆಯ ಪೆಟ್ರೋಲ್ ಎಂಜಿನ್ 10ರಿಂದ 13 ಬಾರ್ ಕೊಡುತ್ತದೆ. ಸಿಲಿಂಡರುಗಳ ನಡುವಿನ ಅಂತರ ಶೇ. 15 ದಾಟಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಜಿಗಿದರೆ ರಿಂಗು, ಕದಲದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಸೊರಗಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ನೀವು ಬರೆದ ಲಕ್ಷಣಕ್ಕೆ ಕಂಪ್ರೆಶನ್ ಚೆನ್ನಾಗಿಯೇ ಬರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಸೀಲುಗಳಷ್ಟೇ ಕೆಲಸ. ಸಿಲಿಂಡರಿಗೆ ಗಾಳಿ ತುಂಬಿಯೋ, ಪ್ಲಗ್ಗಿನ ತೂತಿನಿಂದ ಹಗ್ಗ ಇಳಿಸಿಯೋ ವಾಲ್ವ್ ಕೆಳಗೆ ಬೀಳದಂತೆ ಹಿಡಿದು, ಹೆಡ್ ಇಳಿಸದೆಯೇ ಬದಲಾಯಿಸುವವರಿದ್ದಾರೆ. ಸಾವಿರ ಕಿ.ಮೀ.ಗೆ ಎಷ್ಟು ಆಯಿಲ್ ಕುಡಿಯುತ್ತಿದೆ ಎಂದು ಅಳತೆ ಮಾಡಿ ಬರೆದಿಟ್ಟುಕೊಳ್ಳಿ. ಕಾಲು ಲೀಟರಿನ ಒಳಗಿದ್ದರೆ ಆಗಾಗ ತುಂಬಿಸಿಕೊಂಡು ಓಡಿಸಿದರೂ ನಡೆದೀತು.

ಪ್ರಶ್ನೆ: ಬ್ರೇಕ್ ಹಾಕಿದರೆ ಕಾರು ಬಲಕ್ಕೆ ಎಳೆಯುತ್ತದೆ. ಓಡಿಸಿ ಬಂದಾಗ ಮುಂದಿನ ಬಲ ಚಕ್ರ ಮುಟ್ಟಲಾಗದಷ್ಟು ಬಿಸಿ. ಪ್ಯಾಡ್ ಹೊಸದು ಹಾಕಿಸಿದ್ದಾಯಿತು.

ಉತ್ತರ: ಬಿಚ್ಚಿದ ಹಳೇ ಪ್ಯಾಡ್ ಸಿಕ್ಕಿದರೆ ನೋಡಿ. ಒಳಗಿನದು ಸವೆದು ಕಬ್ಬಿಣ ಮುಟ್ಟಿದ್ದು, ಹೊರಗಿನದು ಅರ್ಧ ಉಳಿದಿದ್ದರೆ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ನು ಹಿಡಿದುಕೊಂಡಿದೆ.

ಬಲ ಚಕ್ರ ಬಿಗಿಯಾಗಿರುವಾಗಲೇ ಕಾರೆತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ದ್ರವ, ಗಾಳಿ ಹೊರಬಿಡುವ ಸಣ್ಣ ತಿರುಪು) ಅರ್ಧ ಸುತ್ತು ಬಿಡಿಸಿ. ದ್ರವ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಎಂದಾಯಿತು. ಹೊರಗೆ ಹೊಸದರಂತೆ ಕಾಣುವ ರಬ್ಬರ್ ಬ್ರೇಕ್ ಹೋಸ್ ಒಳಗೆ ಉಬ್ಬಿ ಮುಚ್ಚಿಕೊಂಡಿದೆ: ಪೆಡಲಿನ ಬಲಕ್ಕೆ ದ್ರವ ಒಳನುಗ್ಗುತ್ತದೆ, ತಾನಾಗಿ ಹಿಂತಿರುಗಲಾರದು. ಎರಡೂ ಬದಿಯ ಹೋಸ್ ಬದಲಾಯಿಸಿ. ನಿಪ್ಪಲ್ ತೆರೆದರೂ ಚಕ್ರ ಬಿಗಿಯೇ ಇದ್ದರೆ ಪಿಸ್ಟನ್ ಅಥವಾ ಪಿನ್.

ಪಿನ್ನನ್ನು ಎಳೆದು, ತುಕ್ಕು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಬೇರಿಂಗಿಗೆ ಹಾಕುವ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಒಂದೇ ವರ್ಷದಲ್ಲಿ ಮತ್ತೆ ಹಿಡಿಯುತ್ತದೆ. ಪಿಸ್ಟನ್ ಹಿಂದಕ್ಕೆ ಒತ್ತುವಾಗ ನಿಪ್ಪಲಿಗೆ ನಳಿಕೆ ಹಾಕಿ ಬಿಡಿಸಿಕೊಳ್ಳಿ. ಕ್ಯಾಲಿಪರಿನ ಕೊಳೆ ದ್ರವ ಎಬಿಎಸ್ ಘಟಕದ ಕಡೆ ಹೋಗುವುದು ಬೇಡ.

ಹೇಗೂ ದ್ರವ ತೆಗೆಯುತ್ತೀರಿ, ಪೂರ್ತಿ ಬದಲಾಯಿಸಿ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸತಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುವುದು ಇದಕ್ಕೇ. ಸಿಲಿಕೋನಿನ ಡಾಟ್ 5 ಇದರೊಂದಿಗೆ ಬೆರೆಯುವುದಿಲ್ಲ, ಹೆಸರು ನೋಡಿ ಮೋಸ ಹೋಗಬೇಡಿ. ಬ್ಲೀಡ್ ಮಾಡುವಾಗ ಹಳೇ ಕಾರಿನ ಪೆಡಲನ್ನು ನೆಲದವರೆಗೆ ತುಳಿಯಬಾರದು. ಮಾಸ್ಟರ್ ಸಿಲಿಂಡರಿನ ಸೀಲ್ ಎಂದೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತದೆ. ಪೆಡಲಿನ ಕೆಳಗೆ ಎರಡಿಂಚಿನ ಮರದ ತುಂಡು ಇಟ್ಟರೆ ಸಾಕು.

ಪ್ರಶ್ನೆ: 50 ದಾಟಿದರೆ ಮುಂದಿನಿಂದ "ಹುಂ" ಎಂಬ ಸದ್ದು, ವೇಗಕ್ಕೆ ತಕ್ಕಂತೆ ಏರುತ್ತದೆ. ಸಣ್ಣ ಉಬ್ಬುಗಳಲ್ಲಿ ಎಡಗಡೆ "ಕಟ್ ಕಟ್".

ಉತ್ತರ: ಎರಡು ಬೇರೆ ಬೇರೆ ಕಾಯಿಲೆ. "ಹುಂ" ಎನ್ನುವಾಗ ಖಾಲಿ ರಸ್ತೆಯಲ್ಲಿ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ವಾಲಿಸಿ. ಭಾರ ಬಲಕ್ಕೆ ಬೀಳುತ್ತದೆ. ಸದ್ದು ಜೋರಾದರೆ ಬಲಗಡೆಯ ವೀಲ್ ಬೇರಿಂಗ್. ವ್ಯತ್ಯಾಸವೇ ಇಲ್ಲದಿದ್ದರೆ ಮುಂದಿನ ಹಿಂದಿನ ಟೈರ್ ಅದಲುಬದಲು ಮಾಡಿ, ಸದ್ದು ಹಿಂದಕ್ಕೆ ಹೋದರೆ ಟೈರಿನದೇ ತಪ್ಪು. ಚಕ್ರ ಎತ್ತಿ ಒಂದು ಕೈಯಲ್ಲಿ ತಿರುಗಿಸುತ್ತ ಇನ್ನೊಂದು ಕೈಯನ್ನು ಕಾಯಿಲ್ ಸ್ಪ್ರಿಂಗ್ ಮೇಲಿಟ್ಟರೆ ಕೆಟ್ಟ ಬೇರಿಂಗಿನ ಗರಗರ ಬೆರಳಿಗೇ ತಿಳಿಯುತ್ತದೆ.

"ಕಟ್ ಕಟ್"ಗೆ ಮೊದಲು ಲಿಂಕ್ ರಾಡ್ (ಕಾರು ಓಲಾಡದಂತೆ ತಡೆಯುವ ಅಡ್ಡ ಸರಳನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಕಡ್ಡಿ) ನೋಡಿ. ಎರಡೂ ಬದಿಯ ಲಿಂಕ್ ಬಿಚ್ಚಿ ಪಕ್ಕಕ್ಕೆ ಕಟ್ಟಿ, ನಿಧಾನವಾಗಿ ಅದೇ ಉಬ್ಬಿನ ಮೇಲೆ ಹೋಗಿ. ಸದ್ದು ಇಲ್ಲವಾದರೆ ಜೋಡಿಯಾಗಿ ಬದಲಾಯಿಸಿ. ಉಳಿದರೆ ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್, ಸ್ಟ್ರಟ್ಟಿನ ಮೇಲಿನ ಮೌಂಟ್. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್. ಹೊಸ ಬುಷ್ ಹಾಕಿದವರು ಕಾರನ್ನು ಎತ್ತಿಟ್ಟಲ್ಲೇ ಬೋಲ್ಟ್ ಬಿಗಿಮಾಡಿದರೆ ರಬ್ಬರ್ ತಿರುಚಿಕೊಂಡೇ ಕೂತು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಚಕ್ರ ನೆಲಕ್ಕೆ ತಾಗಿ ಕಾರಿನ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಲು ಹೇಳಿ.

ಪ್ರಶ್ನೆ: ಮುಂದಿನ ಸೀಟಿನ ಕಾಲಬಳಿ ಕಾರ್ಪೆಟ್ ಒದ್ದೆ. ಮಳೆ ಇಲ್ಲದಿದ್ದರೂ.

ಉತ್ತರ: ಬಿಳಿ ಕಾಗದ ಒತ್ತಿ ನೋಡಿ. ನಿರ್ಮಲ ನೀರಾದರೆ ಎ.ಸಿ.ಯ ಡ್ರೈನ್ ಪೈಪ್ ಕಟ್ಟಿದೆ, ಎ.ಸಿ. ಹಾಕಿ ನಿಲ್ಲಿಸಿದಾಗ ಕಾರಿನ ಅಡಿಯಲ್ಲಿ ತೊಟ್ಟಿಕ್ಕಬೇಕಾದ ನೀರು ಒಳಗೆ ಇಳಿಯುತ್ತಿದೆ. ಹೊರಗಿನಿಂದ ಮೆತ್ತನೆಯ ನಳಿಕೆ ತೂರಿಸಿದರೆ ಬಿಡುತ್ತದೆ, ಗಟ್ಟಿ ತಂತಿ ಬೇಡ. ಅಂಟಂಟು, ಬಣ್ಣ, ಸಿಹಿ ವಾಸನೆ ಇದ್ದರೆ, ಗಾಜಿನ ಒಳಮೈಗೆ ಜಿಡ್ಡಿನ ಮಂಜೂ ಕಟ್ಟುತ್ತಿದ್ದರೆ ಹೀಟರ್ ಕೋರ್ ಸೋರುತ್ತಿದೆ. ಕೂಲೆಂಟ್ ವಿಷಕಾರಿ, ಬಾಯಿಗೆ ಮುಟ್ಟಿಸಿ ನೋಡುವ ಅಭ್ಯಾಸ ಬೇಡ. ಎರಡರಲ್ಲಿ ಯಾವುದೇ ಆಗಿದ್ದರೂ, ಕಾರ್ಪೆಟ್ ಎತ್ತಿ ಅಡಿಯ ಸ್ಪಂಜನ್ನು ಒಣಗಿಸಿ, ಅದರ ಕೆಳಗೇ ವೈರಿಂಗ್ ಇರುತ್ತದೆ.

ಪ್ರಶ್ನೆ: ಹತ್ತು ವರ್ಷದ ಕಾರು ಕೊಂಡಿದ್ದೇವೆ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಾಖಲೆ ಇಲ್ಲ. ನೋಡಿದರೆ ಬೆಲ್ಟ್ ಚೆನ್ನಾಗಿಯೇ ಇದೆ. ಕಾಯಬಹುದೆ?

ಉತ್ತರ: ಕಾಯಬೇಡಿ. ಬೆಲ್ಟಿನ ಬಲ ಒಳಗಿನ ದಾರಗಳದ್ದು, ಅದು ಕಣ್ಣಿಗೆ ಕಾಣುವುದಿಲ್ಲ. ಕೈಪಿಡಿಯಲ್ಲಿ ಸಾಮಾನ್ಯವಾಗಿ 60,000ದಿಂದ 1,00,000 ಕಿ.ಮೀ. ನಡುವಿನ ಒಂದು ಅಂಕಿ, ಜತೆಗೆ ವರ್ಷದ ಮಿತಿ ಕೊಟ್ಟಿರುತ್ತಾರೆ. ಯಾವುದು ಮೊದಲೋ ಅದು. ಇಂಟರ್‌ಫಿಯರೆನ್ಸ್ ಎಂಜಿನ್ ಆದರೆ ಬೆಲ್ಟ್ ಹರಿದ ಕ್ಷಣ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತದೆ. ಬೆಲ್ಟಿನ ಜತೆ ಟೆನ್ಷನರ್, ಐಡ್ಲರ್ ಬೇರಿಂಗ್ ಬದಲಾಯಿಸಿ. ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪಾದರೆ ಅದನ್ನೂ. ಜೋಡಣೆ ಮುಗಿದ ಮೇಲೆ ಸೆಲ್ಫ್ ಹೊಡೆಯುವ ಮೊದಲು ಕ್ರ್ಯಾಂಕ್ ಬೋಲ್ಟಿಗೆ ಸ್ಪಾನರ್ ಹಾಕಿ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಎದುರುಬದುರು ಬಂದವೇ ಎಂದು ನಿಮ್ಮೆದುರೇ ತೋರಿಸಲು ಹೇಳಿ. ತಿರುಗುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು, ಬೆಲ್ಟ್ ಒಂದು ಹಲ್ಲು ತಪ್ಪಿರಬಹುದು. ಬಿಚ್ಚಿ ಮತ್ತೆ ಕೂರಿಸಬೇಕು.